ಟ್ರಾವರ್ಟೈನ್ ಕಲ್ಲು ಆರಿಸಿ ಹಾಕಿದ ಟಿಪ್ಪಣಿ: ಫಿನಿಶ್ ಮೊದಲು, ಬಣ್ಣ ಆಮೇಲೆ

ಹಾಲ್‌ನ ನೆಲ ಮುಗಿದಿದೆ. ಬಾತ್‌ರೂಮಿನ ನೆಲ, ಗೋಡೆಗಳೂ ಮುಗಿದಿವೆ. ಹೊರಗಿನ ಮೆಟ್ಟಿಲ ಕೆಲಸ ಮಾತ್ರ ನಿಂತಲ್ಲೇ ನಿಂತಿದೆ. ಯಾವ ಸ್ಯಾಂಪಲ್‌ಗೆ ಏನಾಯಿತು ಅನ್ನೋದು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಟ್ರಾವರ್ಟೈನ್ ಅಂದರೆ ಮೈಯೆಲ್ಲ ಸಣ್ಣ ಸಣ್ಣ ತೂತುಗಳಿರುವ ಒಂದು ಸುಣ್ಣದ ಕಲ್ಲು. ಹೆಸರು ಹೇಳಿದ ತಕ್ಷಣ ಎಲ್ಲರೂ ಕೇಳುವುದು ಬಣ್ಣ. ಐವರಿಯೋ, ಬೀಜ್ ಬಣ್ಣವೋ, ಗ್ರೇಯೋ? ನಾನೂ ಅಲ್ಲಿಂದಲೇ ಶುರು ಮಾಡಿದೆ. ಈಗ ಯಾರಾದರೂ ಕೇಳಿದರೆ ಉಲ್ಟಾ ಹೇಳುತ್ತೇನೆ: ಮೊದಲು ಜಾಗ ನೋಡಿ, ಆಮೇಲೆ ಫಿನಿಶ್ (ಮೇಲ್ಮೈ ಹೊಳಪಿನದ್ದೋ, ಮ್ಯಾಟೋ, ಒರಟೋ ಅನ್ನುವುದು), ಆಮೇಲೆ ತೂತು ತುಂಬಿದ್ದು ಬೇಕಾ ಬೇಡವಾ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಒಂದೇ ಕಲ್ಲನ್ನು ಪಾಲಿಶ್ ಮಾಡಿದರೆ ಒಂದು ಬಣ್ಣ, ಉಜ್ಜಿ ಮ್ಯಾಟ್ ಮಾಡಿದರೆ ಇನ್ನೊಂದು ಬಣ್ಣ, ಸೀಲರ್ (ಕಲೆ ಒಳಗೆ ಇಳಿಯದಂತೆ ಕಲ್ಲಿಗೆ ಹಚ್ಚುವ ದ್ರವ) ಹಚ್ಚಿದರೆ ಮತ್ತೊಂದು. ಮೊದಲೇ ಬಣ್ಣ ಹಿಡಿದುಕೊಂಡು ಕೂತರೆ ಎರಡೆರಡು ಸಲ ಆರಿಸಬೇಕಾಗುತ್ತದೆ.

ಅಳತೆ: ಹಾಲ್ 5.2 × 4.1 ಮೀಟರ್, ಅಂದರೆ 21.3 ಚದರ ಮೀಟರ್. ಬಾತ್‌ರೂಮ್ ನೆಲ 2.4 × 1.6 ಮೀಟರ್. ಮೆಟ್ಟಿಲು ಒಂದೊಂದೂ 1.5 ಮೀಟರ್ ಉದ್ದ, 30 ಸೆಂ.ಮೀ. ಅಗಲ.

1. ಸ್ಯಾಂಪಲ್

ಅಂಗೈ ಅಗಲದ ಸ್ಯಾಂಪಲ್ ತುಂಡು ಯಾವ ಕೆಲಸಕ್ಕೂ ಬರುವುದಿಲ್ಲ. ಅದರಲ್ಲಿ ಕಲ್ಲಿನ ಒಂದು ಪಟ್ಟೆ ಕಾಣುತ್ತದೆ, ಅಷ್ಟೇ. ಪೂರ್ತಿ ಟೈಲ್ ಕೇಳಿ ತಂದೆ. ಒಂದೇ ಡಬ್ಬದಿಂದ ಎರಡು ಮೂರು ಟೈಲ್ ಕೇಳಿ, ಅದೂ ಚೆಂದದ್ದನ್ನೇ ಹೆಕ್ಕಿ ಕೊಡುವುದಲ್ಲ, ಮೇಲಿಂದ ಒಂದು, ಅಡಿಯಿಂದ ಒಂದು. ಆಗ ಗೊತ್ತಾಗುತ್ತದೆ ಒಂದೇ ಹೆಸರಿನಡಿ ಎಷ್ಟು ಬಣ್ಣ ಇರುತ್ತದೆ ಅಂತ.

ಈ ಕಲ್ಲು ಸುಣ್ಣದಂಶ ಇರುವ ಬುಗ್ಗೆ ನೀರಿನಿಂದ, ಹೆಚ್ಚಾಗಿ ಬಿಸಿನೀರ ಬುಗ್ಗೆಗಳಿಂದ, ಪದರ ಪದರವಾಗಿ ಕೂತು ಆಗಿದ್ದು. ನೀರಿನಿಂದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದಾಗ ಸುಣ್ಣದಂಶ ಕೆಳಗೆ ಉಳಿಯುತ್ತದೆ. ಅಲ್ಲಿ ಬೆಳೆದ ಪಾಚಿ, ಗಿಡದ ಕಡ್ಡಿ ಕೊಳೆತು ಹೋದ ಜಾಗ ಮತ್ತು ಗಾಳಿ ಗುಳ್ಳೆಗಳ ಜಾಗ ತೂತಾಗಿ ಉಳಿಯುತ್ತದೆ. ಶುದ್ಧವಾಗಿದ್ದರೆ ಬಿಳಿಚು. ಕಬ್ಬಿಣದ ಅಂಶ ಸೇರಿದರೆ ಹಳದಿ, ಕಂದು, ಕೆಂಪು. ಆದ್ದರಿಂದ ಬಣ್ಣ ಒಂದೇ ಸಮ ಇರಲಿ ಅನ್ನುವವರು ಈ ಕಲ್ಲಿನ ತಂಟೆಗೆ ಹೋಗದಿರುವುದೇ ಒಳ್ಳೆಯದು. ಪಿಂಗಾಣಿ ಟೈಲ್ ತಗೊಳ್ಳಿ, ನೆಮ್ಮದಿ.

ನನ್ನ ಹತ್ತಿರ ಬಂದ ಸ್ಯಾಂಪಲ್‌ಗಳು: ಐವರಿ, ಬೀಜ್‌ಗೆ ಹತ್ತಿರದ ಕ್ಲಾಸಿಕ್, ಕಂದು ಬಣ್ಣದ ನೋಚೆ, ಬೂದು ಪಟ್ಟೆಯ ಸಿಲ್ವರ್. ಹಳದಿ ಮತ್ತು ಕೆಂಪು ಚಿತ್ರದಲ್ಲಿ ನೋಡಿಯೇ ಬಿಟ್ಟೆ.

ಅದಕ್ಕಿಂತ ಮುಖ್ಯವಾದ ವಿಷಯ ಕೊಯ್ದ ದಿಕ್ಕು. ಪದರಕ್ಕೆ ಅಡ್ಡಲಾಗಿ ಕೊಯ್ದರೆ ಉದ್ದ ಗೆರೆಗಳು ಕಾಣುತ್ತವೆ, ಇದನ್ನು ವೇನ್ ಕಟ್ ಅನ್ನುತ್ತಾರೆ. ಪದರದ ಉದ್ದಕ್ಕೆ ಕೊಯ್ದರೆ ಗೆರೆ ಹೋಗಿ ಮೋಡದಂಥ ಮಚ್ಚೆ ಬರುತ್ತದೆ, ಅದು ಕ್ರಾಸ್ ಕಟ್. ಒಂದೇ ಬಂಡೆಯಿಂದ ಎರಡೂ ಬರುತ್ತವೆ, ಪಕ್ಕದಲ್ಲಿಟ್ಟರೆ ಬೇರೆ ಬೇರೆ ಕಲ್ಲು ಅನ್ನಿಸುತ್ತದೆ. ಲಾಸ್ ಏಂಜಲೀಸ್‌ನಲ್ಲಿ 1997ರಲ್ಲಿ ತೆರೆದ ಗೆಟ್ಟಿ ಸೆಂಟರ್‌ನ ಗೋಡೆಗಳಿಗೆ ಇಟಲಿಯ ಟಿವೊಲಿ ಹತ್ತಿರದ ಟ್ರಾವರ್ಟೈನ್ ಹಾಕಿದ್ದಾರೆ. ರೋಮ್‌ನ ಕೊಲೋಸಿಯಂಗೂ ಟಿವೊಲಿ ಕಡೆಯ ಕಲ್ಲೇ. ಆದರೆ ಗೆಟ್ಟಿಯಲ್ಲಿ ಬಹಳಷ್ಟು ಕಲ್ಲನ್ನು ಕೊಯ್ಯದೆ ಪದರದ ಗುಂಟ ಸೀಳಿ ಒರಟು ಮುಖವನ್ನೇ ಹೊರಗೆ ಬಿಟ್ಟಿದ್ದಾರೆ. ನಯವಾಗಿ ಉಜ್ಜಿದ ಟಿವೊಲಿ ಟೈಲ್ ಮಾತ್ರ ನೋಡಿದವರಿಗೆ ಅದು ಇದೇ ಕಲ್ಲು ಅಂದರೆ ನಂಬುವುದು ಕಷ್ಟ.

2. ಬೆಳಕು ಮತ್ತು ನೀರು

ಟೈಲ್‌ಗಳನ್ನು ಗೋಡೆಗೆ ಒರಗಿಸಿ ನೋಡಬೇಡಿ. ನೆಲಕ್ಕೆ ಹಾಕುವುದಾದರೆ ನೆಲದ ಮೇಲೇ ಮಲಗಿಸಿ, ನಿಂತು ನೋಡಿ. ಹಗಲು ಕಿಟಕಿ ಬೆಳಕಲ್ಲಿ ಒಮ್ಮೆ, ರಾತ್ರಿ ಮನೆಯ ಬಲ್ಬ್‌ನಲ್ಲಿ ಒಮ್ಮೆ. 2700 ಕೆಲ್ವಿನ್ ಹಳದಿ ಬಲ್ಬ್ ಹಾಕಿದಾಗ ಸಿಲ್ವರ್ ಸ್ಯಾಂಪಲ್‌ನ ಬೂದು ಎಲ್ಲಿ ಹೋಯಿತೋ ಗೊತ್ತಿಲ್ಲ, ಮಂಕು ಕಂದು ಉಳಿಯಿತು. ಅದಕ್ಕಿಂತ ಬಿಳಿ ಬೆಳಕಿನ 4000 ಕೆಲ್ವಿನ್ ಬಲ್ಬ್ ಕೆಳಗೆ ಚೆನ್ನಾಗಿತ್ತು. ಕಲ್ಲಿಗೋಸ್ಕರ ಮನೆಯ ಬಲ್ಬ್ ಎಲ್ಲ ಬದಲಾಯಿಸುವ ಆಸೆ ನನಗಿರಲಿಲ್ಲ. ಸಿಲ್ವರ್ ಹೋಯಿತು.

ಆಮೇಲೆ ಪ್ರತಿ ಟೈಲ್‌ನ ಅರ್ಧಕ್ಕೆ ಒದ್ದೆ ಸ್ಪಂಜ್ ಒತ್ತಿದೆ. ಒದ್ದೆ ಭಾಗ ಹೇಗೆ ಗಾಢವಾಗಿ ಕಾಣುತ್ತದೋ, ಬಣ್ಣ ಹೆಚ್ಚಿಸುವ ಸೀಲರ್ ಹಚ್ಚಿದರೆ ಸುಮಾರಾಗಿ ಹಾಗೇ ಉಳಿಯುತ್ತದೆ. ಸಾದಾ ಸೀಲರ್ ಆದರೆ ಒಣಗಿದ ಅರ್ಧದ ಹತ್ತಿರ ಇರುತ್ತದೆ. ನೋಚೆ ಒದ್ದೆಯಾದಾಗ ಕಾಫಿ ಪುಡಿಯ ಬಣ್ಣಕ್ಕೆ ಹೋಯಿತು, ಚಿಕ್ಕ ಕಿಟಕಿಯ ಹಾಲ್‌ಗೆ ಅದು ಜಾಸ್ತಿಯಾಯಿತು. ಐವರಿ ಒದ್ದೆಯಾದರೆ ಬೀಜ್ ಆಗುತ್ತದೆ, ಅಷ್ಟು ಸಾಕು.

3. ಸ್ಯಾಂಪಲ್‌ಗೆ ಕಾಟ ಕೊಟ್ಟಿದ್ದು

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಬೇಕಾದ್ದು ವಿನೆಗರ್, ಅಡುಗೆ ಎಣ್ಣೆ, ಕಾಫಿ, ಒಂದು ಹಿಡಿ ಮರಳು ಮತ್ತು ಹಳೆಯ ಬೂಟು. ಒಂದೇ ಕಲ್ಲಿನ ನಾಲ್ಕು ಫಿನಿಶ್ ಸಾಲಾಗಿ ಇಟ್ಟೆ. ಪಾಲಿಶ್ ಅಂದರೆ ಕನ್ನಡಿ ಹೊಳಪು. ಹೋನ್ಡ್ ಅಂದರೆ ನಯ, ಆದರೆ ಹೊಳಪಿಲ್ಲ. ಬ್ರಷ್ಡ್‌ನಲ್ಲಿ ಗಟ್ಟಿ ಬ್ರಷ್ ಆಡಿಸಿರುವುದರಿಂದ ಮೆದು ಭಾಗ ಸವೆದು ಕೈಗೆ ಏರಿಳಿತ ಸಿಗುತ್ತದೆ. ಟಂಬಲ್ಡ್ ಅಂದರೆ ಉರುಳಿಸಿ ಉರುಳಿಸಿ ಅಂಚು ಮೊಂಡಾಗಿ ಹಳೆಗಲ್ಲಿನಂತೆ ಆಗಿರುವುದು. ಪ್ರತಿಯೊಂದರ ಅರ್ಧಕ್ಕೆ ಸೀಲರ್ ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟಿದ್ದೆ.

ವಿನೆಗರ್ ಹನಿ ಹಾಕಿ 10 ನಿಮಿಷ ಬಿಟ್ಟೆ. ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಬಿದ್ದ ತಕ್ಷಣ ಸಣ್ಣ ಗುಳ್ಳೆ ಏಳುತ್ತದೆ. ಒರೆಸಿದಾಗ ಪಾಲಿಶ್ ಮೇಲೆ ಮಂಕು ಉಂಗುರ, ಬಾಗಿಲಿಂದಲೇ ಕಾಣುವಷ್ಟು. ಹೋನ್ಡ್ ಮೇಲೆ ಓರೆ ಬೆಳಕಲ್ಲಿ ಹುಡುಕಿದರೆ ಕಾಣುತ್ತದೆ. ಬ್ರಷ್ಡ್ ಮತ್ತು ಟಂಬಲ್ಡ್ ಮೇಲೆ ನನಗೆ ಸಿಗಲೇ ಇಲ್ಲ. ಸೀಲರ್ ಹಚ್ಚಿದ ಅರ್ಧದಲ್ಲೂ ಇದೇ ಕಥೆ. ಸೀಲರ್ ಇದ್ದರೆ ಹುಳಿಯಿಂದ ರಕ್ಷಣೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ಅದು ತಪ್ಪು. ಸೀಲರ್ ಕಲೆ ಒಳಗೆ ಇಳಿಯುವುದನ್ನು ನಿಧಾನ ಮಾಡುತ್ತದೆ. ಮೇಲ್ಮೈ ಹುಳಿಗೆ ಸುಡುವುದನ್ನು ತಡೆಯುವುದಿಲ್ಲ.

ಎಣ್ಣೆ ಮತ್ತು ಕಾಫಿಯನ್ನು ಒಂದು ರಾತ್ರಿ ಬಿಟ್ಟೆ. ಸೀಲರ್ ಇಲ್ಲದ ಕಡೆ ಎಣ್ಣೆ ಕಪ್ಪಾಗಿ ಇಳಿದು ಸೋಪಿಗೂ ಬಗ್ಗಲಿಲ್ಲ. ಸೀಲರ್ ಇದ್ದ ಕಡೆ ಒರೆಸಿದರೆ ಹೋಯಿತು. ಸೀಲರ್‌ನ ಕೆಲಸ ಇಲ್ಲಿ ಕಾಣುತ್ತದೆ.

ಮರಳು ಚೆಲ್ಲಿ ಬೂಟಿನಿಂದ ತಿರುವಿದೆ. ಈ ಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 3, ಮರಳಿನ ಕ್ವಾರ್ಟ್ಜ್ 7. ಪಾಲಿಶ್ ಟೈಲ್ ಗೀಚಿ ಗೀಚಿ ಹೋಯಿತು. ಹಾಲ್‌ಗೆ ಬಾಗಿಲಿಂದ ನೇರ ಹೆಜ್ಜೆ ಬೀಳುವ ಮನೆಯಲ್ಲಿ ಪಾಲಿಶ್ ಟ್ರಾವರ್ಟೈನ್ ಸುಮ್ನೆ ತಲೆನೋವು. ಹೋನ್ಡ್ ಮೇಲೂ ಗೀರು ಬಿತ್ತು, ಆದರೆ 220, ಆಮೇಲೆ ಅದಕ್ಕಿಂತ ನಯವಾದ 400 ಗ್ರಿಟ್ ಡೈಮಂಡ್ ಪ್ಯಾಡಿನಿಂದ ನೀರು ಹಾಕಿ ಕೈಯಲ್ಲೇ ಉಜ್ಜಿದಾಗ ಸುತ್ತಲಿನ ಜೊತೆ ಸೇರಿಕೊಂಡಿತು. ಪಾಲಿಶ್ ಹೊಳಪನ್ನು ಕೈಯಲ್ಲಿ ವಾಪಸ್ ತರುವುದು ಬಹಳ ಕಷ್ಟ. ನನ್ನ ತೀರ್ಮಾನ ಅಲ್ಲೇ ಆಯಿತು: ನಾನೇ ರಿಪೇರಿ ಮಾಡಿಕೊಳ್ಳಬಹುದಾದ ಫಿನಿಶ್ ಬೇಕು.

ಜಾರುವ ಪರೀಕ್ಷೆ ಮಾಡಿದ್ದು ಅಪ್ಪ. ಟೈಲ್‌ಗಳಿಗೆ ಸೋಪು ನೀರು ಸುರಿದು, ಗೋಡೆ ಹಿಡಿದುಕೊಂಡು ಒಂದೊಂದರ ಮೇಲೂ ಪಾದ ತಿರುವಿ ನೋಡಿದರು. ಪಾಲಿಶ್‌ಗೆ “ಇದು ಬೇಡವೇ ಬೇಡ” ಅಂದರು, ಹೋನ್ಡ್‌ಗೆ “ಹಾಲ್‌ಗೆ ಸರಿ, ಸ್ನಾನದ ಮನೆಗೆ ಬೇಡ” ಅಂದರು. ಕಾಗದದ ಮೇಲೆ ಬೇಕೆಂದರೆ ಒದ್ದೆಯಾಗುವ ಒಳಾಂಗಣ ಸಮತಟ್ಟು ನೆಲಕ್ಕೆ ಡಿಸಿಒಎಫ್ (ನೆಲದ ಹಿಡಿತವನ್ನು ಅಳೆಯುವ ಸಂಖ್ಯೆ) ಕನಿಷ್ಠ 0.42 ಇರಬೇಕು ಅನ್ನುವ ಅಮೆರಿಕದ ಮಾನದಂಡ ಇದೆ, ಮಾರುವವರ ಹತ್ತಿರ ಆ ಸಂಖ್ಯೆ ಕೇಳಬಹುದು. ಸೋಪಿನ ನೆಲಕ್ಕೆ ಮಾತ್ರ ಅಪ್ಪನ ಪಾದವೇ ನನಗೆ ಸಾಕಾಯಿತು.

4. ತೂತು ತುಂಬಬೇಕಾ?

ನೆಲಕ್ಕೆ ತುಂಬಿದ್ದೇ ಆಗಬೇಕು, ಇಲ್ಲದಿದ್ದರೆ ಗುಡಿಸಿದ ಧೂಳೆಲ್ಲ ಅಲ್ಲೇ ಕೂರುತ್ತದೆ. ತುಂಬುವುದಕ್ಕೆ ಸಿಮೆಂಟ್ ಅಥವಾ ರೆಸಿನ್ ಬಳಸುತ್ತಾರೆ. ಸಿಮೆಂಟ್ ಫಿಲ್ಲರ್‌ಗೆ ಕಲ್ಲಿನ ಹಾಗೆ ಹೊಳಪು ಬರುವುದಿಲ್ಲ. ಪಾಲಿಶ್ ಟೈಲ್‌ನಲ್ಲಿ ಮಂಕು ಚುಕ್ಕೆಗಳಾಗಿ ಎದ್ದು ಕಾಣುತ್ತದೆ, ಹೋನ್ಡ್‌ನಲ್ಲಿ ಮರೆಯಾಗುತ್ತದೆ. ಹೋನ್ಡ್ ಪರವಾಗಿ ಇದು ಇನ್ನೊಂದು ವೋಟು. ರೆಸಿನ್‌ನಲ್ಲಿ ಪಾಲಿಯೆಸ್ಟರ್ ಆದರೆ ಬಿಸಿಲಿಗೆ ಹಳದಿ ತಿರುಗುತ್ತದೆ, ಕಿಟಕಿ ಪಕ್ಕ ಹಾಕುವವರು ಕೇಳಿ ತಿಳಿದುಕೊಳ್ಳಿ.

ಬಾತ್‌ರೂಮಿನ ಒಣ ಗೋಡೆಗೆ ತೂತು ತುಂಬದ ವೇನ್ ಕಟ್ ಹಾಕುವ ಆಸೆ ಇತ್ತು, ನೆರಳು ಬೆಳಕು ಚೆಂದ ಬರುತ್ತದೆ ಅಂತ. ಮೊದಲು ಹಲಗೆಯ ಮೇಲೆ ನಾಲ್ಕು ತುಂಡು ಅಂಟಿಸಿ ಗ್ರೌಟ್ (ಟೈಲ್ ನಡುವಿನ ಸಂದು ತುಂಬುವ ಗಾರೆ) ಹಾಕಿ ನೋಡಿದೆ. ಹಾಳಾಯಿತು. ರಬ್ಬರ್ ಫ್ಲೋಟ್ ಎಳೆದ ಕಡೆಯೆಲ್ಲ ಗ್ರೌಟ್ ತೂತಿಗೂ ಇಳಿಯಿತು, ಅರ್ಧ ತುಂಬಿ ಅರ್ಧ ಖಾಲಿ ಬಿಟ್ಟು ಕಲ್ಲಿಗೆ ಕಜ್ಜಿ ಆದಂತೆ ಕಂಡಿತು. ಎರಡನೇ ಹಲಗೆಯಲ್ಲಿ ಸಂದಿನ ಎರಡೂ ಕಡೆ ಪೇಂಟರ್ ಟೇಪ್ ಅಂಟಿಸಿ, ಗ್ರೌಟ್ ಚೀಲದಿಂದ ಸಂದಿಗಷ್ಟೇ ಹಿಂಡಿದೆ. ಇದು ಸರಿಹೋಯಿತು, ಆದರೆ ಸಿಕ್ಕಾಪಟ್ಟೆ ನಿಧಾನ. ಒಂದು ಗೋಡೆಗೆ ಮಾಡಬಹುದು, ಇಡೀ ಮನೆಗಲ್ಲ. ಷವರ್ ಗೋಡೆಗೆ ತೂತು ತುಂಬದ ಕಲ್ಲು ಹಾಕಬೇಡಿ, ಸೋಪಿನ ಕೆಸರು ಒಳಗೆ ಕೂತರೆ ತೆಗೆಯುವವರು ಯಾರು?

5. ಕೊನೆಗೆ ಆರಿಸಿದ್ದು

ಹಾಲ್‌ಗೆ ಐವರಿ, ಕ್ರಾಸ್ ಕಟ್, ತೂತು ತುಂಬಿದ ಹೋನ್ಡ್, 610 × 406 ಮಿ.ಮೀ., 12 ಮಿ.ಮೀ. ದಪ್ಪ. ಬಾತ್‌ರೂಮ್ ನೆಲಕ್ಕೆ ಕ್ಲಾಸಿಕ್ ಬಣ್ಣದ ಟಂಬಲ್ಡ್, 100 × 100 ಮಿ.ಮೀ. ಚಿಕ್ಕ ಟೈಲ್ ಆದರೆ ಸಂದು ಜಾಸ್ತಿ, ಕಾಲಿಗೆ ಹಿಡಿತ ಜಾಸ್ತಿ, ನೀರು ಹೋಗುವ ತೂಬಿನ ಕಡೆ ಇಳಿಜಾರು ಕೊಡುವುದೂ ಸುಲಭ. ಒಣ ಗೋಡೆಗೆ ತೂತು ತುಂಬದ ವೇನ್ ಕಟ್. ಒದ್ದೆಯಾಗುವ ಗೋಡೆಗೆ ಹಾಲ್‌ನದೇ ಟೈಲ್.

ಬಣ್ಣಗಳು ಬೇರೆ ಬೇರೆ ಅಂತ ಮೊದಲು ಭಯವಿತ್ತು. ಹಾಕಿದ ಮೇಲೆ ನೋಡಿದರೆ ಬಣ್ಣದ ವ್ಯತ್ಯಾಸಕ್ಕಿಂತ ಫಿನಿಶ್‌ನ ವ್ಯತ್ಯಾಸವೇ ಕಣ್ಣಿಗೆ ಬೀಳುತ್ತದೆ. ಟಂಬಲ್ಡ್ ಬೆಳಕನ್ನು ಚದುರಿಸುವುದರಿಂದ ಅದೇ ಕ್ಲಾಸಿಕ್ ಬಣ್ಣ ಒಂದು ಛಾಯೆ ತಿಳಿಯಾಗಿ ಐವರಿ ಹತ್ತಿರ ಬಂದು ಕೂತಿದೆ.

ಹಾಲ್‌ಗೆ ಸುಮಾರು 12% ಹೆಚ್ಚುವರಿ ಸೇರಿಸಿ 24 ಚದರ ಮೀಟರ್ ತರಿಸಿದೆ. ಎಲ್ಲವೂ ಒಂದೇ ಲಾಟ್. ಆಮೇಲೆ ತರಿಸಿಕೊಂಡರಾಯಿತು ಅನ್ನುವುದು ಇಲ್ಲಿ ನಡೆಯುವುದಿಲ್ಲ, ಮುಂದಿನ ಲಾಟ್ ಬಂಡೆಯ ಬೇರೆ ಭಾಗದ್ದಾಗಿರುತ್ತದೆ.

6. ಒಣ ಜೋಡಣೆ

ಅಂಟು ಕಲಸುವ ಮೊದಲು ಹಾಲ್ ತುಂಬ ಟೈಲ್ ಸುಮ್ಮನೆ ಹಾಸಿದೆವು. ಒಂದೇ ಸಲಕ್ಕೆ ನಾಲ್ಕು ಡಬ್ಬ ತೆರೆದು ಪ್ರತಿಯೊಂದರಿಂದ ಒಂದೊಂದು ತೆಗೆಯುವುದು ಕ್ರಮ. ಡಬ್ಬ ಮುಗಿಸಿ ಡಬ್ಬ ಹಾಕಿದರೆ ನೆಲದಲ್ಲಿ ತೇಪೆ ಕಾಣುತ್ತದೆ. ಗಾಢ ಕಂದು ಮಚ್ಚೆ ಇದ್ದ ಟೈಲ್‌ಗಳು ಗೋಡೆ ಬದಿಗೆ ಹೋದವು. ಅಂಚಿನಲ್ಲಿ ದೊಡ್ಡ ತೂತು ಇದ್ದವನ್ನು ಕತ್ತರಿಸಿ ಹಾಕಲು ಎತ್ತಿಟ್ಟೆವು. ಪ್ರತಿ ಟೈಲ್ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಬರೆದೆವು. ಮಾರ್ಕರ್ ಪೆನ್ ಬೇಡ, ತೆಳು ಬಣ್ಣದ ಕಲ್ಲಿನಲ್ಲಿ ಶಾಯಿ ಮೇಲೆ ಬರುವ ಅಪಾಯ ಇದೆ.

ಇಲ್ಲೇ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಮುಖದ ಕೆಳಗೇ ಗುಹೆ ಇದೆ ಅಂತ ಅರ್ಥ. ಅಂಥವನ್ನು ಓಡಾಟದ ಜಾಗಕ್ಕೆ ಹಾಕಬಾರದು.

ಕೆಳಗಿನ ಕಾಂಕ್ರೀಟ್ ಮಟ್ಟವನ್ನು 3 ಮೀಟರ್ ಪಟ್ಟಿ ಇಟ್ಟು ನೋಡಿದೆವು. ಪಟ್ಟಿಯ ಕೆಳಗೆ 3 ಮಿ.ಮೀ. ಮೀರಿ ಸಂದು ಕಂಡ ಕಡೆ ಲೆವೆಲಿಂಗ್ ಮಾಡಿದೆವು.

7. ಹಾಕಿದ್ದು

ಅಂಟು ಬಿಳಿಯದೇ ಬೇಕು. ಮೇಸ್ತ್ರಿ ಹತ್ತಿರ ಬೂದು ಅಂಟಿನ ಚೀಲ ಉಳಿದಿತ್ತು, “ಕೆಳಗೆ ಹೋಗೋದಲ್ವಾ, ಯಾರು ನೋಡ್ತಾರೆ ಸಾರ್” ಅಂದರು. ಜಗಳ ಯಾಕೆ ಅಂತ ಒಡೆದ ಒಂದು ಐವರಿ ಟೈಲ್‌ನ ಅರ್ಧಕ್ಕೆ ಅದನ್ನೇ ಹಚ್ಚಿ, ಇನ್ನರ್ಧಕ್ಕೆ ಬಿಳಿ ಹಚ್ಚಿ ಒಣಗಲು ಬಿಟ್ಟೆವು. ಬೂದು ಕಡೆ ಕಲ್ಲು ಮಂಕಾಯಿತು, ತೂತಿನ ಸುತ್ತ ನೆರಳಿನಂತೆ ಕಂಡಿತು. ಅವರೇ ಚೀಲ ಪಕ್ಕಕ್ಕಿಟ್ಟರು.

12 ಮಿ.ಮೀ. ಹಲ್ಲಿನ ಕರಣಿಯಿಂದ ಒಂದೇ ದಿಕ್ಕಿಗೆ ಎಳೆದು, ಟೈಲ್ ಹಿಂಭಾಗಕ್ಕೂ ತೆಳುವಾಗಿ ಅಂಟು ಸವರಿ ಕೂರಿಸಿದೆವು. ಹಿಂಭಾಗದಲ್ಲೂ ತೂತುಗಳಿರುತ್ತವೆ, ಸವರದಿದ್ದರೆ ಅಲ್ಲಿ ಗಾಳಿ ಉಳಿದು, ಆ ಜಾಗದ ಮೇಲೆ ಕುರ್ಚಿ ಕಾಲು ಬಿದ್ದಾಗ ಮುಖ ಕುಸಿಯುತ್ತದೆ. ಆಗಾಗ ಒಂದು ಟೈಲ್ ಎತ್ತಿ ನೋಡಬೇಕು. ಒಣ ಜಾಗದಲ್ಲಿ ಕನಿಷ್ಠ 80%, ಒದ್ದೆ ಜಾಗದಲ್ಲಿ 95% ಅಂಟು ತಾಗಿರಬೇಕು ಅನ್ನುವುದು ರೂಢಿ. ನಾವು ಕಲ್ಲು ಅಂತ ಎಲ್ಲ ಕಡೆ 95ಕ್ಕೇ ಹೋದೆವು.

ಸಂದು ಹಾಲ್‌ನಲ್ಲಿ 3 ಮಿ.ಮೀ. ಟಂಬಲ್ಡ್‌ಗೆ 5 ಮಿ.ಮೀ., ಅದರ ಅಂಚು ನೇರ ಇರುವುದಿಲ್ಲವಾದ್ದರಿಂದ ಕಮ್ಮಿ ಸಂದಿಗೆ ಹಟ ಹಿಡಿದರೆ ಸಾಲು ಹಾವಿನಂತೆ ಓಡುತ್ತದೆ. ಗೋಡೆಯ ಸುತ್ತ 8 ಮಿ.ಮೀ. ಖಾಲಿ ಬಿಟ್ಟಿದ್ದೇವೆ, ಅದರ ಮೇಲೆ ಸ್ಕರ್ಟಿಂಗ್ ಕೂರುತ್ತದೆ. ಕತ್ತರಿಸಿದ್ದು ನೀರು ಹರಿಯುವ ಮಷೀನಿನಲ್ಲಿ, ಹಲ್ಲಿಲ್ಲದ ಡೈಮಂಡ್ ಬ್ಲೇಡ್ ಹಾಕಿ. ಕತ್ತರಿಸಿದ ಅಂಚಿನಲ್ಲಿ ಹೊಸ ತೂತು ತೆರೆದುಕೊಳ್ಳುವುದು ಮಾಮೂಲು. ಕಲ್ಲು ಕತ್ತರಿಸಿದ ಪುಡಿಯನ್ನೇ ಒಣಗಿಸಿ ಎಪಾಕ್ಸಿಗೆ (ಕಲ್ಲಿನಂತೆ ಗಟ್ಟಿಯಾಗುವ ರೆಸಿನ್ ಅಂಟು) ಕಲಸಿ ತುಂಬಿದರೆ ಬಣ್ಣ ಹೊಂದುತ್ತದೆ. ಆ ಪುಡಿಯನ್ನು ಒಂದು ಡಬ್ಬದಲ್ಲಿ ಎತ್ತಿಡಿ.

8. ಸೀಲರ್, ಗ್ರೌಟ್, ಮತ್ತೆ ಸೀಲರ್

ಹಾಕಿದ ಮಾರನೇ ದಿನ ನೆಲದಲ್ಲಿ ಅಲ್ಲಲ್ಲಿ ಗಾಢ ಮಚ್ಚೆ ಕಂಡರೆ ಗಾಬರಿ ಬೇಡ, ಅಂಟಿನ ತೇವ ಅದು. ಪೂರ್ತಿ ಹೋಗುವ ತನಕ ಸೀಲರ್ ಮುಟ್ಟಬೇಡಿ. ಒಣಗಿದ ಮೇಲೆ ಗ್ರೌಟ್‌ಗೆ ಮೊದಲೇ ಕಲ್ಲಿನ ಒಳಗೆ ಇಳಿಯುವ ಜಾತಿಯ ಸೀಲರ್ ತೆಳುವಾಗಿ ಒಂದು ಕೋಟು. ಮೇಲೆ ಉಳಿದದ್ದನ್ನು ಡಬ್ಬದ ಮೇಲೆ ಬರೆದ ಸಮಯದೊಳಗೆ ಒರೆಸಿ ತೆಗೆಯಬೇಕು, ಬಿಟ್ಟರೆ ಜಿಡ್ಡು ಪೊರೆ ಕಟ್ಟುತ್ತದೆ.

ಗ್ರೌಟ್ ಬಣ್ಣ ಆರಿಸುವಾಗ ಎಲ್ಲರೂ ಕಲ್ಲಿನ ಪಕ್ಕ ಇಟ್ಟು ನೋಡುತ್ತಾರೆ. ತೂತು ತುಂಬಿದ ಕಲ್ಲಿಗೆ ಅದು ಅಷ್ಟು ಸರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಲ್ಲಿನಲ್ಲಿ ಹತ್ತು ಛಾಯೆ ಇದೆ, ಯಾವುದಕ್ಕೆ ಹೊಂದಿಸುತ್ತೀರಿ? ಫಿಲ್ಲರ್‌ಗೆ ಮಾತ್ರ ಒಂದೇ ಬಣ್ಣ. ಗ್ರೌಟನ್ನು ಫಿಲ್ಲರ್‌ಗೆ ಹೊಂದಿಸಿದರೆ ತುಂಬಿದ ತೂತು ಮತ್ತು ಸಂದು ಒಂದೇ ಜಾತಿಯಾಗಿ ಕಾಣುತ್ತವೆ, ಕಲ್ಲು ಮುಂದೆ ಬರುತ್ತದೆ. ಮೂರು ಬಣ್ಣ ಕಲಸಿ ಹಲಗೆ ಮೇಲೆ ಒಣಗಿಸಿ ನೋಡಿದೆ, ಒದ್ದೆ ಇದ್ದಾಗಿನ ಬಣ್ಣ ನಂಬುವ ಹಾಗಿಲ್ಲ.

ಗ್ರೌಟ್ ಹಾಕಿದ ಮೇಲೆ ಬಿಳಿ ಪೊರೆ ಉಳಿಯುತ್ತದಲ್ವಾ, ಅದನ್ನು ತೆಗೆಯಲು ಟೈಲ್ ಕೆಲಸದವರು ಆ್ಯಸಿಡ್ ಕ್ಲೀನರ್ ಹಿಡಿದು ಬರುತ್ತಾರೆ. ಬಾಗಿಲಲ್ಲೇ ನಿಲ್ಲಿಸಿ. ಮೂರನೇ ಹಂತದ ವಿನೆಗರ್ ಉಂಗುರ ನೆನಪಿದೆಯಲ್ಲ, ಅದು ಇಡೀ ನೆಲಕ್ಕೆ ಆಗುತ್ತದೆ. ಮೊದಲೇ ಸೀಲರ್ ಹಚ್ಚಿದ್ದರಿಂದ ನಮಗೆ ಒದ್ದೆ ಸ್ಪಂಜು, ಆಮೇಲೆ ಒಣ ಬಟ್ಟೆ ಸಾಕಾಯಿತು. ಗ್ರೌಟ್ ಗಟ್ಟಿಯಾದ ಮೇಲೆ ಇನ್ನೊಂದು ಕೋಟು ಸೀಲರ್. ಈಗ ನೆಲ ಒರೆಸುವುದು ಪಿಎಚ್ ನ್ಯೂಟ್ರಲ್, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ, ಕ್ಲೀನರ್‌ನಲ್ಲಿ ಮಾತ್ರ.

9. ಬಳಸಲು ಶುರು ಮಾಡಿದ ಮೇಲೆ

ಊಟದ ಟೇಬಲ್ ಹತ್ತಿರ ಕಡಲೆಕಾಳು ಗಾತ್ರದ ಹೊಸ ತೂತು ತೆರೆದುಕೊಂಡಿತು. ಕುರ್ಚಿ ಕಾಲಿನ ಒತ್ತಡಕ್ಕೆ ತೆಳು ಚರ್ಮದಂತಿದ್ದ ಮುಖ ಒಡೆದದ್ದು. ಇದು ಯಾರ ತಪ್ಪೂ ಅಲ್ಲ, ಕಲ್ಲಿನ ಸ್ವಭಾವ. ರಿಪೇರಿ ಹೀಗೆ: ಸಡಿಲ ಚೂರನ್ನು ಮೊಳೆಯ ತುದಿಯಿಂದ ಕೆದಕಿ ತೆಗೆದು, ಧೂಳು ಹೀರಿ, ಎತ್ತಿಟ್ಟ ಕಲ್ಲುಪುಡಿ ಕಲಸಿದ ಎಪಾಕ್ಸಿಯನ್ನು ಸ್ವಲ್ಪ ಉಬ್ಬುವಂತೆ ತುಂಬಿ, ಅರೆಗಟ್ಟಿ ಆದಾಗ ಬ್ಲೇಡಿನಿಂದ ಮಟ್ಟ ಮಾಡಿ, ಪೂರ್ತಿ ಗಟ್ಟಿಯಾದ ಮೇಲೆ 220, 400 ಪ್ಯಾಡ್, ಕೊನೆಗೆ ಆ ಜಾಗಕ್ಕೆ ಸೀಲರ್. ಎಲ್ಲ ಕುರ್ಚಿ ಕಾಲಿಗೂ ಫೆಲ್ಟ್ ಅಂಟಿಸಿದೆ.

10. ಮೆಟ್ಟಿಲು, ನಿಂತಿರುವ ಕೆಲಸ

ಹೊರಗೆ 12 ಮಿ.ಮೀ. ಬೇಡ, 30 ಮಿ.ಮೀ. ತರಿಸಿದ್ದೇನೆ. ಫಿನಿಶ್ ಟಂಬಲ್ಡ್, ಅದರಲ್ಲಿ ಗೊಂದಲ ಇಲ್ಲ. 2% ಇಳಿಜಾರು, ಅಂದರೆ 30 ಸೆಂ.ಮೀ. ಮೆಟ್ಟಿಲಿಗೆ 6 ಮಿ.ಮೀ. ನೀರು ನಿಂತು ಹೆಪ್ಪುಗಟ್ಟುವ ಚಳಿ ಇರುವ ಕಡೆ ಇಳಿಜಾರು ಇನ್ನೂ ಮುಖ್ಯ, ತೂತಿನಲ್ಲಿ ನೀರು ಮಂಜಾಗಿ ಹಿಗ್ಗಿದರೆ ಫಿಲ್ಲರ್ ಮೊದಲು ಹಾರುತ್ತದೆ.

ಸಿಕ್ಕಿಹಾಕಿಕೊಂಡಿರುವುದು ಮುಂದಿನ ಅಂಚಿನಲ್ಲಿ. ಕ್ರಾಸ್ ಕಟ್ ಕಲ್ಲಿನ ಅಂಚನ್ನು ಗ್ರೈಂಡರ್‌ನಲ್ಲಿ ಪೂರ್ತಿ ದುಂಡು ಮಾಡಿದಾಗ ಒಳಗಿನ ಪದರಗಳ ನಡುವಿನ ಉದ್ದುದ್ದ ತೂತುಗಳೆಲ್ಲ ಹೊರಬಂದವು. ಫ್ಯಾಕ್ಟರಿಯಲ್ಲಿ ತುಂಬಿದ್ದು ಮುಖದಿಂದ ಕೆಲವು ಮಿ.ಮೀ. ತನಕ ಮಾತ್ರ, ಒಳಗೆ ಖಾಲಿ. ಸರಿ, ವೇನ್ ಕಟ್ ತಗೊಂಡು ಗೆರೆಗಳು ಅಂಚಿನ ಉದ್ದಕ್ಕೇ ಹೋಗುವಂತೆ ಇಟ್ಟರೆ? ಅಂಚಿನಲ್ಲಿ ಆ ಉದ್ದ ತೂತು ಕಾಣುವುದಿಲ್ಲ, ಆದರೆ ಮುಂದೆ ಚಾಚಿದ 25 ಮಿ.ಮೀ. ಭಾಗ ಗೆರೆಯ ಗುಂಟ ಮುರಿಯುವ ಸಾಧ್ಯತೆ ಜಾಸ್ತಿ. ಒಂದು ಚೂರನ್ನು ಹಾಗೆ ಚಾಚಿಟ್ಟು ಸುತ್ತಿಗೆ ಹಿಡಿಯಿಂದ ತಟ್ಟಿದೆ. ಗೆರೆಯಲ್ಲೇ ನೀಟಾಗಿ ಎರಡಾಯಿತು.

ಈಗಿನ ಯೋಚನೆ: ಕ್ರಾಸ್ ಕಟ್ಟೇ ಇರಲಿ, ಚಾಚುವುದು 10 ಮಿ.ಮೀ.ಗೆ ಇಳಿಯಲಿ, ದುಂಡು ಬೇಡ, ಮೇಲಿನ ಮೂಲೆಗೆ 5 ಮಿ.ಮೀ. ಓರೆ ಕತ್ತರಿಸಿದರೆ ಸಾಕು. ಅಷ್ಟಕ್ಕೆ ಹೊಸದಾಗಿ ತೆರೆಯುವ ತೂತು ಕಮ್ಮಿ. ದುಂಡು ಅಂಚಿನದ್ದೊಂದು, ಓರೆ ಅಂಚಿನದ್ದೊಂದು, ಎರಡಕ್ಕೂ ಎಪಾಕ್ಸಿ ತುಂಬಿ, ಅರ್ಧರ್ಧ ಸೀಲರ್ ಹಚ್ಚಿ, ಬಿಸಿಲು ಮಳೆ ಎರಡೂ ಬೀಳುವ ಜಾಗದಲ್ಲಿ ಇಟ್ಟಿದ್ದೇನೆ. ದುಂಡು ಅಂಚಿನ ಎಪಾಕ್ಸಿ ಈಗಲೇ ಸ್ವಲ್ಪ ಹಳದಿ ತಿರುಗುತ್ತಿದೆ, ಅದರಲ್ಲಿ ತುಂಬಿದ ಜಾಗವೂ ದೊಡ್ಡದು. ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ ಫಿಲ್ಲರ್ ಅಲುಗದೆ ಉಳಿದ ಅಂಚನ್ನೇ ಎಲ್ಲ ಮೆಟ್ಟಿಲಿಗೂ ಕತ್ತರಿಸುತ್ತೇವೆ. ಅಲ್ಲಿಯ ತನಕ ಕಾಂಕ್ರೀಟ್ ಮೆಟ್ಟಿಲ ಮೇಲೇ ಓಡಾಟ.